ಸೋಲಾರ್ ಫಿಟ್ ಮಾಡಿ ಹೋದ್ರು, ನೆಟ್ ಮೀಟರ್ ಇಲ್ಲ, ಬಿಲ್ ಜಾಸ್ತಿ ಬರ್ತಿದೆ, ಈಗ ಬಾಕಿ ದುಡ್ಡು ಕೊಡಿ ಅಂತಿದಾರೆ. ಏನ್ ಮಾಡೋದು?

ಬೆಣ್ಣೆದೋಸೆ_ಹುಡುಗ

ಎಲ್ರಿಗೂ ನಮಸ್ಕಾರ. ದಾವಣಗೆರೆಲಿ ಅಪ್ಪ ಅಮ್ಮ ಇರೋ ಮನೆ ವಿಷ್ಯ ಇದು, ನಾನು ಇರೋದು ಬೆಂಗಳೂರಲ್ಲಿ. ಹೋದ ವರ್ಷ ದಸರಾ ಮುಗಿದ್ಮೇಲೆ ಒಂದು ಸೋಲಾರ್ ಕಂಪನಿಯವ್ರು ಮನೆಗೆ ಬಂದು ಪಿಎಂ ಸೂರ್ಯ ಘರ್ ಸ್ಕೀಮು, ಬಿಲ್ಲೇ ಬರಲ್ಲ ಸಾರ್, 78 ಸಾವಿರ ಸಬ್ಸಿಡಿ ಅಂತೆಲ್ಲಾ ಹೇಳಿ ಅಪ್ಪನ ಹತ್ರ 3 ಕಿಲೋವ್ಯಾಟ್‌ಗೆ 2,10,000ಕ್ಕೆ ಮಾತಾಡ್ಕೊಂಡಿದಾರೆ. 1,32,000 ಬ್ಯಾಂಕಿಂದ ಟ್ರಾನ್ಸ್‌ಫರ್ ಮಾಡ್ಸ್ಕೊಂಡ್ರು, ಉಳಿದ 78,000 ಸಬ್ಸಿಡಿ ಬಂದ್ಮೇಲೆ ಕೊಡಿ ಅಂತ ಹೇಳಿ ಅದಕ್ಕೆ ಡೇಟ್ ಹಾಕದೆ ಇರೋ ಒಂದು ಚೆಕ್ ಇಸ್ಕೊಂಡಿದಾರೆ.

ದೀಪಾವಳಿ ಆದ್ಮೇಲೆ ಪ್ಯಾನೆಲ್, ಇನ್ವರ್ಟರ್ ಎಲ್ಲಾ ಫಿಟ್ ಮಾಡಿದ್ರು, 545 ವ್ಯಾಟಿನ ಆರು ಪ್ಯಾನೆಲ್. ಆನ್ ಮಾಡಿ ತೋರಿಸಿ ನೋಡಿ ಸಾರ್ ಹೆಂಗ್ ಓಡ್ತಿದೆ ಅಂತ ಫೋಟೋ ತಗೊಂಡು ಹೋದವ್ರು ಆಮೇಲೆ ಆ ಕಡೆ ತಲೆ ಹಾಕಿಲ್ಲ. ಫೋನ್ ಮಾಡಿದ್ರೆ ಎಸ್ಕಾಂನಲ್ಲಿ ಫೀಸಿಬಿಲಿಟಿ (ಲೈನಿಗೆ ಸೋಲಾರ್ ಸೇರಿಸಬಹುದು ಅನ್ನೋ ಒಪ್ಪಿಗೆ) ಬಂದಿಲ್ಲ, ನೆಟ್ ಮೀಟರ್ (ಲೈನಿಂದ ಬಂದಿದ್ದು, ಲೈನಿಗೆ ಹೋಗಿದ್ದು ಎರಡೂ ಲೆಕ್ಕ ಇಡೋ ಮೀಟರ್) ಸ್ಟಾಕ್ ಇಲ್ಲ, ದಿನಕ್ಕೊಂದು ಕಥೆ. ಈಗ ಹೊಸ ರಾಗ ಏನಂದ್ರೆ, ಬಾಕಿ 78,000 ಈಗ್ಲೇ ಕೊಟ್ರೆ ಫೈಲ್ ಮೂವ್ ಮಾಡ್ತೀವಿ, ಇಲ್ಲಾಂದ್ರೆ ಚೆಕ್ ಬ್ಯಾಂಕಿಗೆ ಹಾಕ್ತೀವಿ.

ಇದಕ್ಕಿಂತ ತಲೆ ಕೆಟ್ಟಿರೋದು ಬಿಲ್ ನೋಡಿ. ಸೋಲಾರ್ ಹಾಕ್ಸಿದ್ಮೇಲೆ ಬಿಲ್ ಕಮ್ಮಿ ಆಗೋದ್ ಬಿಟ್ಟು ಮುಂಚೆಗಿಂತ ಜಾಸ್ತಿ ಬರ್ತಿದೆ! ಮನೇಲಿ ಇರೋದು ಇಬ್ರೇ, ಎಸಿ ಇಲ್ಲ ಏನಿಲ್ಲ. ಅಮ್ಮ ಅಂತೂ ಆ ಡಬ್ಬ ಇಳಿಸಿ ಕಳಿಸ್ಬಿಡು ಅಂತಿದಾರೆ.

ಅಗ್ರಿಮೆಂಟ್ ಅಂತ ಇರೋದು ಒಂದೇ ಹಾಳೆ ಆರ್ಡರ್ ಫಾರ್ಮ್. ಅದ್ರಲ್ಲಿ ಅಡ್ವಾನ್ಸ್ ಯಾವ ಕಾರಣಕ್ಕೂ ವಾಪಸ್ ಇಲ್ಲ, ವ್ಯಾಜ್ಯ ಇದ್ರೆ ಹೈದರಾಬಾದಲ್ಲಿ ಆರ್ಬಿಟ್ರೇಶನ್ (ಕೋರ್ಟ್ ಬದಲು ಮಧ್ಯಸ್ಥರ ತೀರ್ಮಾನ) ಅಂತ ಸಣ್ಣ ಅಕ್ಷರದಲ್ಲಿ ಇದೆ. ಇಂಥಾ ಕಂಪನಿಗಳ ಮೇಲೆ ಗ್ರಾಹಕರಿಗೆ ಅಂತ ರೂಲ್ಸ್ ಏನಾದ್ರೂ ಇದ್ಯಾ? ಎಲ್ಲಿಂದ ಶುರು ಮಾಡ್ಬೇಕು ಗೊತ್ತಿರೋರು ಹೇಳಿ ಪ್ಲೀಸ್.

---

ಅರ್ತಿಂಗ್_ಅಣ್ಣ

ಮೊದ್ಲು ಆ ಸಿಸ್ಟಂ ಆಫ್ ಮಾಡಿಸಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ನಾನು ಕೆಲವು ವರ್ಷ ಇದೇ ಇನ್‌ಸ್ಟಾಲೇಶನ್ ಲೈನಲ್ಲಿ ಇದ್ದೋನು, ನಿಮ್ಮ ಬಿಲ್ ಯಾಕೆ ಏರಿದೆ ಅಂತ ಓದ್ತಿದ್ದಂಗೇ ಅನುಮಾನ ಬಂತು. ನಿಮ್ಮನೆಯ ಹಳೇ ಮೀಟರ್ ಒಂದೇ ದಿಕ್ಕಿಗೆ ಲೆಕ್ಕ ಮಾಡೋದು. ಮಧ್ಯಾಹ್ನ ಪ್ಯಾನೆಲ್ ಇಂದ ಬಂದ ಕರೆಂಟು ಮನೇಲಿ ಖರ್ಚಾಗದೆ ಲೈನಿಗೆ ಹೋಗುತ್ತಲ್ಲ, ಈಗಿನ ಎಲೆಕ್ಟ್ರಾನಿಕ್ ಮೀಟರ್ ಎಷ್ಟೋ ಕಡೆ ಅದನ್ನೂ ನೀವೇ ಬಳಸಿದ ಯೂನಿಟ್ ಅಂತ ಕೂಡಿಸ್ಕೊಳ್ಳುತ್ತೆ. ಅಂದ್ರೆ ನೀವು ಎಸ್ಕಾಂಗೆ ಕರೆಂಟೂ ಕೊಡ್ತಿದೀರಿ, ಅದಕ್ಕೆ ದುಡ್ಡೂ ಕಟ್ತಿದೀರಿ. ನೆಟ್ ಮೀಟರ್ ಕೂರೋ ಮುಂಚೆ ಆನ್ ಮಾಡಿ ಬಿಟ್ಟು ಹೋಗೋದು ಕಂಪನಿಯವ್ರ ಶುದ್ಧ ಬೇಜವಾಬ್ದಾರಿ, ಎಸ್ಕಾಂ ಪರ್ಮಿಶನ್ ಇಲ್ದೆ ಗ್ರಿಡ್‌ಗೆ ಸೇರಿಸೋ ಹಾಗೇ ಇಲ್ಲ. ಇನ್ವರ್ಟರ್ ಪಕ್ಕದ ಎಸಿ ಬಾಕ್ಸಲ್ಲಿರೋ ಎಂಸಿಬಿ ಸ್ವಿಚ್ ಮೊದ್ಲು ಇಳಿಸಿ, ಆಮೇಲೆ ಡಿಸಿ ಸ್ವಿಚ್. ಪ್ಯಾನೆಲ್ ಕಡೆ ವೈರ್ ಮಾತ್ರ ಯಾರೂ ಮುಟ್ಟಬೇಡಿ, ಬಿಸಿಲಿರೋ ತನಕ ಅದ್ರಲ್ಲಿ ವೋಲ್ಟೇಜ್ ಇದ್ದೇ ಇರುತ್ತೆ.

ಎರಡನೇದು, ಫೀಸಿಬಿಲಿಟಿ ಬಂದಿಲ್ಲ ಅನ್ನೋದು ಬುರುಡೆ. 2024ರ ಫೆಬ್ರವರೀಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ (2020ರದ್ದು) ತಿದ್ದುಪಡಿ ಆಗಿ 10 ಕಿಲೋವ್ಯಾಟ್ ತನಕ ಫೀಸಿಬಿಲಿಟಿ ಸ್ಟಡಿನೇ ಬೇಡ, ಅರ್ಜಿ ಸರಿ ಇದ್ರೆ ಒಪ್ಪಿದಂಗೇ ಲೆಕ್ಕ. ಇನ್‌ಸ್ಟಾಲ್ ಆಗಿದೆ ಅಂತ ಪೇಪರ್ ಕೊಟ್ಮೇಲೆ ಮೀಟರ್ ಹಾಕಿ ಕಮಿಶನ್ (ಅಂದ್ರೆ ಅಧಿಕೃತವಾಗಿ ಚಾಲೂ) ಮಾಡೋಕೆ ಎಸ್ಕಾಂಗೆ ಇರೋದು 15 ದಿನ, ಮುಂಚೆ 30 ಇತ್ತು. ಮೀಟರ್ ಸ್ಟಾಕ್ ಇಲ್ಲ ಅನ್ನೋದು ಮಾತ್ರ ಕೆಲವು ಸಲ ನಿಜಾನೇ ಇರುತ್ತೆ, ಅದನ್ನ ಸುಳ್ಳು ಅಂತ ತಳ್ಳಿಹಾಕಲ್ಲ. ಆದ್ರೆ ಅದಕ್ಕೂ ಮುಂಚೆ ಫೈಲ್ ಎಸ್ಕಾಂ ತನಕ ಹೋಗಿದ್ಯಾ ಅಂತ ನೋಡಿ. ಸ್ಕೀಮಿನ ನ್ಯಾಷನಲ್ ಪೋರ್ಟಲ್‌ಗೆ ಅಪ್ಪನ ಮೊಬೈಲ್ ನಂಬರಿಂದ ಲಾಗಿನ್ ಆಗಿ ಅರ್ಜಿ ಯಾವ ಹಂತದಲ್ಲಿದೆ ಅಂತ ನೋಡಿದ್ರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತೆ.

ಮೂರನೇದು ನನಗೆ ಜಾಸ್ತಿ ಡೌಟ್ ಇರೋದು. ಪ್ಯಾನೆಲ್ ಹಿಂದಿನ ಸ್ಟಿಕ್ಕರ್ ಫೋಟೋ ತರಿಸ್ಕೊಳ್ಳಿ, ಆರದ್ದೂ, ಸೀರಿಯಲ್ ನಂಬರ್ ಕಾಣೋ ಹಂಗೆ. ಸಬ್ಸಿಡಿ ಸಿಗೋದು ಡಿಸಿಆರ್ ಪ್ಯಾನೆಲ್‌ಗೆ ಮಾತ್ರ, ಅಂದ್ರೆ ಪ್ಯಾನೆಲ್ ಒಂದೇ ಅಲ್ಲ ಒಳಗಿನ ಸೆಲ್ ಕೂಡ ಇಂಡಿಯಾದಲ್ಲೇ ಆಗಿರ್ಬೇಕು. ಹೊರಗಿಂದ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ಮೇಲೂ ಮೇಡ್ ಇನ್ ಇಂಡಿಯಾ ಅಂತಾನೇ ಇರುತ್ತೆ, ಸರ್ಕಾರ ಒಪ್ಪಿರೋ ಪ್ಯಾನೆಲ್‌ಗಳ ಎಎಲ್‌ಎಂಎಂ ಲಿಸ್ಟಲ್ಲೂ ಇರುತ್ತೆ, ಆದ್ರೂ ಅದು ಡಿಸಿಆರ್ ಅಲ್ಲ. ರೇಟಲ್ಲಿ ಒಳ್ಳೇ ವ್ಯತ್ಯಾಸ ಇದೆ, ಅದಕ್ಕೇ ಆಟ ಆಡೋದು ಇಲ್ಲೇ. ಸೀರಿಯಲ್ ನಂಬರ್ ಇಟ್ಕೊಂಡು ಪ್ಯಾನೆಲ್ ತಯಾರಿಸಿದ ಕಂಪನಿಗೇ ಒಂದು ಮೇಲ್ ಹಾಕಿ ಇದು ಡಿಸಿಆರ್ ಹೌದಾ ಅಂತ ಕೇಳಿ, ಬರೆದು ಉತ್ತರ ಕೊಡ್ತಾರೆ.

ಬಾಕಿ ದುಡ್ಡು ಈಗ ಕೊಡಲೇಬೇಡಿ. ನಿಮ್ಮ ಕೈಲಿರೋ ಒಂದೇ ಹಗ್ಗ ಅದು.

---

ಹುಬ್ಬಳ್ಳಿ_ಗಿರ್ಮಿಟ್

ನಮ್ಮ ಕಾಕಾನ ಮನ್ಯಾಗೂ ಹಿಂಗ ಆಗೇತ್ರಿ, ಅಲ್ಲಿ ಬ್ಯಾರೆ ಕತಿ. ಕರೆಂಟ್ ಹ್ವಾದ್ರೂ ನಿಮ್ಮನ್ಯಾಗ ಲೈಟ್ ಇರ್ತಾವು ಅಂತ ಹೇಳಿ ಮಾರ‍್ಯಾರ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸಿಸ್ಟಮ್ ಲೈನ್ ಹ್ವಾದ ಕೂಡ್ಲೇ ತಾನೂ ಬಂದ್ ಆಕ್ಕೈತಿ, ಕಂಬದ ಮ್ಯಾಲೆ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ ಮಾಡಿರೋದು ಅದು, ಇನ್ವರ್ಟರ್ ಕೆಟ್ಟೈತಿ ಅಂತಲ್ಲ. ಹಗಲಹೊತ್ತು ರಣಬಿಸಿಲಾಗ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಕಾಕಾ ಅವ್ರಿಗೆ ಫೋನ್ ಹಚ್ಚಿ ಬೈದಿದ್ದ ಬೈದಿದ್ದು.

ಮತ್ತ ಬಿಲ್ ಝೀರೋ ಅಂತಾರಲ್ರಿ, ಯೂನಿಟ್ ಝೀರೋ ಆದ್ರೂ ಫಿಕ್ಸೆಡ್ ಚಾರ್ಜ್ ಎಲ್ಲಿ ಹೋಗ್ತೈತಿ, ಅದು ಬಂದs ಬರ್ತೈತಿ. ಗೃಹಜ್ಯೋತಿ ಒಳಗ ಬಿಲ್ ಬರದs ಇರೋ ಮನಿಗೂ ಹೋಗಿ ನಾಕು ವರ್ಷದಾಗ ದುಡ್ಡು ವಾಪಸ್ ಬರ್ತೈತಿ ಅಂತ ಲೆಕ್ಕಾ ಹಾಕಿ ತೋರಸ್ತಾರ. ಕಟ್ಟದ ಬಿಲ್ಲಿನಾಗ ಏನ್ ಉಳಸ್ತಾರೋ ಅವ್ರ ಮಾರಿಗೇ ಗೊತ್ತು. ಇಂಥವನ್ನ ವಾಟ್ಸಾಪಿನ್ಯಾಗ ಬರದು ಕಳಸಿದ್ರ ಡಿಲೀಟ್ ಮಾಡಬ್ಯಾಡ್ರಿ, ಪಾಂಪ್ಲೆಟ್ ಇದ್ರೂ ಇಟ್ಕೋರಿ.

---

ಬೆಣ್ಣೆದೋಸೆ_ಹುಡುಗ

ಅರ್ತಿಂಗ್ ಅಣ್ಣ ದೊಡ್ಡ ಥ್ಯಾಂಕ್ಸ್. ಆಫ್ ಮಾಡಿಸ್ದೆ. ಪೋರ್ಟಲ್ ನೋಡೋಣ ಅಂದ್ರೆ ಅಪ್ಪನ ನಂಬರಿಗೆ ಓಟಿಪಿನೇ ಬರ್ಲಿಲ್ಲ, ರಿಜಿಸ್ಟರ್ ಮಾಡಿರೋದು ಕಂಪನಿ ಹುಡುಗನ ನಂಬರಲ್ಲಿ. ಅವನ ಹತ್ರ ಜಗಳ ಆಡಿ ಸ್ಕ್ರೀನ್‌ಶಾಟ್ ತರಿಸ್ಕೊಂಡ್ರೆ ಅರ್ಜಿ ಆಗಿದೆ, ವೆಂಡರ್ ಸೆಲೆಕ್ಟ್ ಆಗಿದೆ, ಅಷ್ಟೇ. ಇನ್‌ಸ್ಟಾಲೇಶನ್ ಡೀಟೇಲ್ಸ್ ಅಪ್‌ಲೋಡೇ ಮಾಡಿಲ್ಲ. ಪ್ಯಾನೆಲ್ ಕಂಪನಿಗೆ ಸೀರಿಯಲ್ ನಂಬರ್ ಕಳಿಸಿದ್ದೆ, ಉತ್ತರ ಬಂತು, ನೀವು ಹೇಳಿದ್ದೇ ಆಯ್ತು, ಆರೂ ನಾನ್ ಡಿಸಿಆರ್. ಅಂದ್ರೆ ಇವ್ರು ಎಸ್ಕಾಂ ಹೆಸರು ಹೇಳ್ಕೊಂಡು ಇಷ್ಟು ದಿನ ಸುಮ್ನೆ ಓಡಿಸ್ತಿದ್ದಿದ್ದು. ಅಪ್‌ಲೋಡ್ ಮಾಡಿದ್ರೆ ಸಿಕ್ಕಿಬೀಳ್ತಾರೆ, ಅದಕ್ಕೇ ಮಾಡಿಲ್ಲ ಅನ್ಸುತ್ತೆ.

---

ಸಾಕ್ಷಿ_ಪುರಾವೆ

ವಕೀಲಿ ಮಾಡ್ತೀನಿ, ಗ್ರಾಹಕರ ಆಯೋಗದಲ್ಲಿ ಆಗಾಗ ಕೇಸ್ ನಡೆಸ್ತೀನಿ, ಆ ಅನುಭವದ ಮೇಲೆ ಹೇಳ್ತಿರೋದು. ಆ ಮೇಲ್ ಬಂದ್ಮೇಲೆ ನಿಮ್ಮ ಕೇಸಿನ ಸ್ವರೂಪಾನೇ ಬೇರೆ ಆಯ್ತು. ಮುಂಚೆ ತಡ ಮಾಡಿದ್ರು ಅನ್ನೋ ದೂರು, ಈಗ ಒಂದು ಮಾಲು ಹೇಳಿ ಇನ್ನೊಂದು ಮಾಲು ಕೊಟ್ಟಿದಾರೆ ಅನ್ನೋ ದೂರು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರಲ್ಲಿ ಇದು ಅನುಚಿತ ವ್ಯಾಪಾರ ಪದ್ಧತಿ, ಜೊತೆಗೆ ಸೇವಾ ನ್ಯೂನತೆ, ಎರಡೂ ಬರುತ್ತೆ.

ಹೈದರಾಬಾದ್ ಅಂತ ಬರ್ಕೊಂಡಿರೋದಕ್ಕೆ ಹೆದರೋದೇ ಬೇಡ. ಹೊಸ ಕಾಯ್ದೆ ಬಂದ್ಮೇಲೆ ದೂರುದಾರ ಎಲ್ಲಿ ವಾಸ ಇದಾರೋ ಅಲ್ಲೇ ಹಾಕ್ಬಹುದು, ನಿಮ್ಮಪ್ಪಂಗೆ ದಾವಣಗೆರೆ ಜಿಲ್ಲಾ ಆಯೋಗಾನೇ. ಆರ್ಬಿಟ್ರೇಶನ್ ಷರತ್ತು ಇದೆ ಅಂತ ಗ್ರಾಹಕರ ಕೋರ್ಟಿನ ಬಾಗಿಲು ಮುಚ್ಚಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಎಮಾರ್ ಎಂಜಿಎಫ್ ಕೇಸಲ್ಲಿ ಹೇಳಿಯಾಗಿದೆ. ಜಿಲ್ಲಾ ಆಯೋಗಕ್ಕೆ ಈಗ ಕೊಟ್ಟ ದುಡ್ಡು 50 ಲಕ್ಷದ ತನಕ ಇರೋ ಕೇಸ್ ಬರುತ್ತೆ, 5 ಲಕ್ಷದ ಒಳಗಿದ್ರೆ ಫೀಸೇ ಇಲ್ಲ. ವಕೀಲರು ಕಡ್ಡಾಯ ಅಲ್ಲ (ನಮ್ಮ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ತಿದೀನಿ ನೋಡಿ), ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಾನೇ ಫೈಲ್ ಮಾಡ್ಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕ್ಬೇಕು. ತೀರ್ಪು 3 ತಿಂಗಳಲ್ಲಿ, ಮಾಲಿನ ಪರೀಕ್ಷೆ ಬೇಕಾದ್ರೆ 5 ತಿಂಗಳಲ್ಲಿ ಅಂತ ಕಾಯ್ದೇಲಿದೆ, ನಿಜವಾಗಿ ಅಷ್ಟರಲ್ಲಿ ಮುಗಿಯುತ್ತೆ ಅಂತ ನಂಬ್ಕೊಂಡು ಕೂರಬೇಡಿ.

ಅಡ್ವಾನ್ಸ್ ವಾಪಸ್ ಇಲ್ಲ ಅನ್ನೋ ಸಾಲು ಇದೆಯಲ್ಲ, ಅದನ್ನ ಇಟ್ಕೊಂಡು ಅನುಚಿತ ಕರಾರು ಅಂತ ಬೇರೆ ಹೋರಾಟಕ್ಕೆ ಹೋಗ್ಬೇಡಿ, ಯಾಕಂದ್ರೆ ಕರಾರನ್ನೇ ಅನುಚಿತ ಅಂತ ಪ್ರಶ್ನೆ ಮಾಡೋ ದೂರು ಜಿಲ್ಲೆಗೆ ಬರಲ್ಲ, ರಾಜ್ಯ ಆಯೋಗಕ್ಕೆ ಹೋಗ್ಬೇಕಾಗುತ್ತೆ. ಬೇರೆ ಮಾಲು ಕೊಟ್ರು, ಹೇಳಿದ ಸೇವೆ ಕೊಟ್ಟಿಲ್ಲ, ಇಷ್ಟರ ಮೇಲೆ ನಿಂತ್ಕೊಳ್ಳಿ, ಸಾಕಾಗುತ್ತೆ.

ಕೋರ್ಟಿಗಿಂತ ಮುಂಚೆ ಮಾಡೋ ಕೆಲಸ ಇನ್ನೂ ಇದೆ. ಈ ಸ್ಕೀಮಲ್ಲಿ ಗ್ರಾಹಕ ಮತ್ತು ವೆಂಡರ್ ಮಧ್ಯ ಮಾಡ್ಕೊಳ್ಳೋಕೆ ಒಂದು ಮಾದರಿ ಒಪ್ಪಂದಾನೇ ಸರ್ಕಾರ ಕೊಟ್ಟಿದೆ. 5 ವರ್ಷ ಪೂರ್ತಿ ಮೇಂಟೆನೆನ್ಸ್ ವೆಂಡರ್ ಜವಾಬ್ದಾರಿ, ಕಮಿಶನ್ ಮಾಡೋವಾಗ ಪರ್ಫಾರ್ಮೆನ್ಸ್ ರೇಶಿಯೋ (ಲೆಕ್ಕದ ಪ್ರಕಾರ ಬರ್ಬೇಕಾದ ಕರೆಂಟಲ್ಲಿ ನಿಜವಾಗಿ ಬರೋ ಪಾಲು) ಶೇ. 75 ಇರ್ಬೇಕು, ಇವೆಲ್ಲಾ ಅದ್ರಲ್ಲಿದೆ. ಅಪ್ಪನ ಸಹಿ ಇರೋ ಅಂಥ ಒಪ್ಪಂದ ಇದ್ರೆ ಪ್ರತಿ ಕೊಡಿ ಅಂತ ಬರವಣಿಗೆಲಿ ಕೇಳಿ. ಕೊಟ್ರೆ ನಿಮಗೆ ಅನುಕೂಲ, ಮಾಡೇ ಇಲ್ಲ ಅಂದ್ರೂ ನಿಮಗೇ ಅನುಕೂಲ. ಆಮೇಲೆ ಸಬ್ಸಿಡಿ ಕಮಿಶನಿಂಗ್ ಆದ್ಮೇಲೆ ನೇರ ಗ್ರಾಹಕರ ಬ್ಯಾಂಕ್ ಖಾತೆಗೆ ಬರೋದು, ವೆಂಡರ್ ಕೈಗಲ್ಲ, ಅದಕ್ಕೇ ಇವ್ರು ಖಾಲಿ ಡೇಟಿನ ಚೆಕ್ ಇಸ್ಕೊಂಡಿರೋದು.

ನೋಟಿಸ್ ಒಂದು ಸ್ಪೀಡ್ ಪೋಸ್ಟಲ್ಲಿ ರಿಜಿಸ್ಟರ್ ಮಾಡಿಸಿ ಕಳಿಸಿ, ಮೇಲೂ ಹಾಕಿ: ಆರೂ ಪ್ಯಾನೆಲ್ ಬದಲಾಯಿಸಿ ಡಿಸಿಆರ್ ಹಾಕಿ ನೆಟ್ ಮೀಟರ್ ಮಾಡಿಸಿ, ಇಲ್ಲಾ ಇಳಿಸ್ಕೊಂಡು ಹೋಗಿ ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಿ, ಜಾಸ್ತಿ ಬಂದ ಬಿಲ್ಲಿನ ದುಡ್ಡೂ ಕೊಡಿ, ಇಷ್ಟು ದಿನದ ಒಳಗೆ ಅಂತ. ಅದ್ರ ಪ್ರತಿ ಇಟ್ಟು ಎಸ್ಕಾಂನ ಇಇಗೆ (ಎಕ್ಸಿಕ್ಯೂಟಿವ್ ಎಂಜಿನಿಯರ್) ಒಂದು ಅರ್ಜಿ ಕೊಡಿ, ವೆಂಡರ್ ಆಗಿ ನೋಂದಣಿ ಆಗೋವಾಗ ಬ್ಯಾಂಕ್ ಗ್ಯಾರಂಟಿ ಇಡ್ಸ್ಕೊಳ್ಳೋ ಪದ್ಧತಿ ಇರೋದೇ ಇಂಥದ್ದಕ್ಕೆ, ಆ ಗ್ಯಾರಂಟಿ ಮೇಲೂ ಕ್ರಮ ಆಗ್ಲಿ, ಲಿಸ್ಟಿಂದ ತೆಗೀಲಿ ಅಂತ ಸ್ಪಷ್ಟವಾಗಿ ಬರೀರಿ. ಸ್ಕೀಮಿನ ಸಹಾಯವಾಣಿ 15555, ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್ 1915. 1915ರವ್ರು ಆದೇಶ ಮಾಡೋರಲ್ಲ, ಕಂಪನಿಗೆ ಕಳಿಸಿ ರಾಜಿಗೆ ನೋಡ್ತಾರೆ, ಆದ್ರೂ ಡಾಕೆಟ್ ನಂಬರ್ (ದೂರಿನ ನಂಬರ್) ಸಿಗುತ್ತಲ್ಲ, ನಾಳೆ ಆಯೋಗದಲ್ಲಿ ಅದೂ ಒಂದು ದಾಖಲೆ.

ವಾಟ್ಸಾಪ್ ಚಾಟ್ ಪ್ರಿಂಟ್ ತೆಗೆದು ಕೊಡೋವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಜೊತೆಗಿರ್ಲಿ, ಹಳೇ 65ಬಿ ಅಂತ ಇತ್ತಲ್ಲ ಅದೇ.

---

ಸುಮ್ನಿರಪ್ಪ

ಓದೋಕೆ ಚೆನ್ನಾಗಿದೆ ಸಾರ್, ಆದ್ರೆ ವಯಸ್ಸಾದೋರನ್ನ ಕೋರ್ಟಿಗೆ ಎಳೀಬೇಡಿ ಅಂತ ನನ್ನ ಅಭಿಪ್ರಾಯ. ಇಂಥಾ ಕಂಪನಿ ನಾಳೆ ಬೋರ್ಡ್ ಬದಲಾಯಿಸಿ ಇನ್ನೊಂದು ಹೆಸರಲ್ಲಿ ಬರ್ತಾರೆ, ಆದೇಶ ಇಟ್ಕೊಂಡು ಯಾರನ್ನ ಹಿಡೀತೀರಾ. 78 ಸಾವಿರ ಇನ್ನೂ ನಿಮ್ಮ ಕೈಲೇ ಇದೆ, ಸಬ್ಸಿಡಿನೂ ಅಷ್ಟೇ. ಸಬ್ಸಿಡಿ ಬೇಡ, ನಿಮಗೆ ಬಾಕಿನೂ ಇಲ್ಲ, ಚೆಕ್ ವಾಪಸ್ ಕೊಟ್ಟು ನೆಟ್ ಮೀಟರ್ ಒಂದು ಮಾಡಿಸ್ಕೊಡಿ, ಲೆಕ್ಕ ಚುಕ್ತಾ ಅಂತ ಒಪ್ಪಂದ ಮಾಡ್ಕೊಳ್ಳಿ. 1,32,000ಕ್ಕೆ ಓಡೋ ಸಿಸ್ಟಂ ಸಿಕ್ತು ಅಂದ್ಕೊಳ್ಳಿ.

---

ಅರ್ತಿಂಗ್_ಅಣ್ಣ

@ಸುಮ್ನಿರಪ್ಪ ಮಾತಲ್ಲಿ ಹುರುಳಿದೆ, ನಾನ್ ಡಿಸಿಆರ್ ಪ್ಯಾನೆಲ್ ಅಂದ್ರೆ ಕಳಪೆ ಅಂತೇನಲ್ಲ, ಕರೆಂಟ್ ಅಷ್ಟೇ ಕೊಡುತ್ತೆ. ಆದ್ರೆ ರಾಜಿ ಆಗೋದಾದ್ರೆ ಬರೀ ಬಾಯಿಮಾತಲ್ಲಿ ಬೇಡ. ಈಗಿರೋ ಅರ್ಜಿ ಸಬ್ಸಿಡಿ ಸ್ಕೀಮಿನದ್ದು, ಅದನ್ನ ಕ್ಯಾನ್ಸಲ್ ಮಾಡಿಸಿ ಸಬ್ಸಿಡಿ ಇಲ್ಲದೆ ಹೊಸದಾಗಿ ಹಾಕ್ಬೇಕು. ಸುಳ್ಳು ಡಿಸಿಆರ್ ಪೇಪರ್ ತಂದು ಸಹಿ ಹಾಕಿ ಅಂದ್ರೆ ಅಪ್ಪ ಯಾವ ಕಾರಣಕ್ಕೂ ಹಾಕೋದ್ ಬೇಡ, ಆಗ ಸಿಕ್ಕಿಹಾಕ್ಕೊಳ್ಳೋದು ಅವ್ರ ಜೊತೆ ನೀವೂ. ಮೂರು ಅರ್ತ್ ಪಿಟ್ (ಅರ್ತಿಂಗ್ ಗುಂಡಿ) ತೆಗೆದಿದಾರಾ ನೋಡಿ, ಎಸಿಗೆ ಒಂದು, ಡಿಸಿಗೆ ಒಂದು, ಮಿಂಚು ತಡೆಯೋ ಅರೆಸ್ಟರ್‌ಗೆ ಬೇರೇನೇ ಒಂದು. ಖರ್ಚು ಉಳಿಸೋಕೆ ಒಂದೇ ಗುಂಡಿಗೆ ಎಲ್ಲಾ ಸೇರಿಸಿ ಮುಚ್ಚಿರ್ತಾರೆ, ಮಣ್ಣು ಹಾಕಿದ್ಮೇಲೆ ಯಾರಿಗೂ ಕಾಣಲ್ವಲ್ಲ. ಪ್ಯಾನೆಲ್ ವಾರಂಟಿ ಸರ್ಟಿಫಿಕೇಟು, ಇನ್ವರ್ಟರ್‌ದು, ಎರಡೂ ಅಪ್ಪನ ಹೆಸರಲ್ಲಿ ಬರ್ಲಿ. ಅದು ತಯಾರಿಸಿದ ಕಂಪನಿ ಕೊಡೋದು, ವೆಂಡರ್ ಓಡಿಹೋದ್ರೂ ನಿಮ್ಮ ಹತ್ರ ಇರುತ್ತೆ.

ಆನ್ ಆದ್ಮೇಲೆ ಒಳ್ಳೇ ಬಿಸಿಲಿನ ದಿನ ನಿಮ್ಮ ಕಡೆ 12ರಿಂದ 15 ಯೂನಿಟ್ ಬರ್ಬೇಕು. ಎಂಟು ಒಂಬತ್ತರಲ್ಲೇ ನಿಂತ್ರೆ ತೆಂಗಿನ ಮರದ ನೆರಳೋ ವೈರಿಂಗೋ ನೋಡಿಸಿ.

---

ಖಾತೆ_ಕಿರ್ದಿ

ಒಂದು ವಿಷ್ಯ ಯಾರೂ ಕೇಳಿಲ್ಲ, ಕೊಟೇಶನಲ್ಲಿ ಜಿಎಸ್‌ಟಿ ಎಷ್ಟು ಹಾಕಿದಾರೆ? ಸೋಲಾರ್ ಮೇಲೆ 2025ರ ಸೆಪ್ಟೆಂಬರ್ 22ರಿಂದ 12 ಇದ್ದಿದ್ದು 5 ಆಗಿದೆ. ಇನ್‌ಸ್ಟಾಲೇಶನ್ ಸೇರಿ ಕೊಡೋ ಕಾಂಟ್ರಾಕ್ಟಲ್ಲಿ ನೂರಕ್ಕೆ 70 ಮಾಲು, 30 ಸರ್ವಿಸ್ ಅಂತ ಲೆಕ್ಕ, ಸರ್ವಿಸ್ ಮೇಲೆ 18. ಒಟ್ಟು ಮುಂಚೆ 13.8 ಬೀಳ್ತಿತ್ತು, ಈಗ 8.9. ನೀವು ದಸರಾ ಆದ್ಮೇಲೆ ದುಡ್ಡು ಕೊಟ್ಟಿರೋದು. 13.8 ಸೇರಿಸಿ 2,10,000 ಮಾಡಿದ್ರೆ ಹತ್ತಿರ ಹತ್ತಿರ 9 ಸಾವಿರ ಜಾಸ್ತಿ ತಗೊಂಡಂಗೆ. ಟ್ಯಾಕ್ಸ್ ಇನ್ವಾಯ್ಸ್ ಕೊಟ್ಟಿದಾರೋ ಇಲ್ಲ ಬರೀ ಪ್ರೊಫಾರ್ಮಾನೋ (ಅಸಲಿ ಬಿಲ್‌ಗೂ ಮುಂಚೆ ಕೊಡೋ ಅಂದಾಜು ಬಿಲ್) ಅದನ್ನೂ ನೋಡಿ.

---

ಬೆಣ್ಣೆದೋಸೆ_ಹುಡುಗ

@ಖಾತೆ_ಕಿರ್ದಿ ಹೌದು 13.8 ಅಂತಾನೇ ಇದೆ, ಅದೂ ಪ್ರೊಫಾರ್ಮಾ. ಥೂ.

ನೋಟಿಸ್ ಡ್ರಾಫ್ಟ್ ಮಾಡ್ತಿದೀನಿ. ಅಪ್ಪಂಗೆ ಕೋರ್ಟಿಗಿಂತ ಆ ಚೆಕ್ಕಿಂದೇ ಭಯ, ಬೌನ್ಸ್ ಆದ್ರೆ ಪೊಲೀಸ್ ಬರ್ತಾರೆ ಅಂತ ನಿದ್ದೆ ಮಾಡ್ತಿಲ್ಲ. ಸ್ಟಾಪ್ ಪೇಮೆಂಟ್ ಕೊಟ್ರೆ ಆಗುತ್ತಾ?

---

ಸಾಕ್ಷಿ_ಪುರಾವೆ

ಪೊಲೀಸ್ ಬರಲ್ಲ, ಚೆಕ್ ಬೌನ್ಸ್ ಅನ್ನೋದು ಅವ್ರೇ ಕೋರ್ಟಲ್ಲಿ ಹಾಕೋ ಖಾಸಗಿ ದೂರು, ಅಪ್ಪಂಗೆ ಹೇಳಿ. ಸ್ಟಾಪ್ ಪೇಮೆಂಟ್ ಕೊಡಬಹುದು, ಆದ್ರೆ ಸ್ಟಾಪ್ ಮಾಡಿದ್ರೆ 138 (ಚೆಕ್ ಬೌನ್ಸ್ ಸೆಕ್ಷನ್) ಬರೋದೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಸ್ಟಾಪ್ ಮಾಡಿ ವಾಪಸ್ ಬಂದ ಚೆಕ್‌ಗೂ ಕೇಸ್ ಆಗುತ್ತೆ. ನಿಮ್ಮನ್ನ ಕಾಪಾಡೋದು ಬೇರೆ: ಆ ಚೆಕ್ ಹಾಕೋ ದಿನ ಕೊಡಬೇಕಾದ ಸಾಲ ಅಂತ ಒಂದು ಇರ್ಬೇಕು. ಸಬ್ಸಿಡಿ ಬಂದ್ಮೇಲೆ ಕೊಡೋದು ಅಂತ ಮಾತಾಗಿತ್ತು, ಸಬ್ಸಿಡಿ ಬಂದಿಲ್ಲ, ಬರದೆ ಇರೋ ಹಂಗೆ ಮಾಡಿರೋದೂ ಅವ್ರೇ. ಹಾಗಾಗಿ ಬ್ಯಾಂಕಿಗೆ ಕೊಡೋ ಪತ್ರದಲ್ಲೂ ಕಂಪನಿಗೆ ಕಳಿಸೋ ನೋಟಿಸಲ್ಲೂ ಚೆಕ್ ನಂಬರ್ ಹಾಕಿ, ಇದು ಡೇಟ್ ಇಲ್ಲದೆ ಸೆಕ್ಯುರಿಟಿಗೆ ಅಂತ ಕೊಟ್ಟಿದ್ದು, ಈ ಕಾರಣಕ್ಕೆ ದುಡ್ಡು ಬಾಕಿ ಇಲ್ಲ ಅಂತ ಈಗ್ಲೇ, ಅವ್ರು ಚೆಕ್ ಹಾಕೋ ಮುಂಚೆನೇ ಬರೀರಿ. ಖಾತೇಲಿ ಬ್ಯಾಲೆನ್ಸ್ ಖಾಲಿ ಮಾಡ್ಬೇಡಿ, ದುಡ್ಡು ಇರ್ಲಿ, ಇದ್ರೂ ಸ್ಟಾಪ್ ಮಾಡಿದೀವಿ ಅಂದ್ರೆ ಉದ್ದೇಶ ಸ್ಪಷ್ಟ ಆಗುತ್ತೆ. ಅವ್ರ ಕಡೆಯಿಂದ ನೋಟಿಸ್ ಬಂದ್ರೆ 15 ದಿನದ ಒಳಗೆ ಉತ್ತರ ಹೋಗ್ಲೇಬೇಕು, ಪೋಸ್ಟ್‌ಮನ್ ಬಂದಾಗ ತಗೊಳ್ಳಲ್ಲ ಅಂತ ಅಪ್ಪ ವಾಪಸ್ ಕಳಿಸಿಬಿಡಬಾರ್ದು.

ಸುಮ್ನಿರಪ್ಪ ಅವ್ರು ಹೇಳಿದ ರಾಜಿಗೂ ನನ್ನ ವಿರೋಧ ಇಲ್ಲ. ನೋಟಿಸ್ ಕೈಗೆ ಸೇರಿದ್ಮೇಲೆ ರಾಜಿ ರೇಟೇ ಬೇರೆ ಇರುತ್ತೆ, ಅಷ್ಟೇ.

---

ಹುಬ್ಬಳ್ಳಿ_ಗಿರ್ಮಿಟ್

ಆ ಹುಡುಗನ ಮೊಬೈಲ್ ನಂಬರ್ ಪೋರ್ಟಲ್‌ನ್ಯಾಗಿಂದ ಮೊದ್ಲ ತಗಸ್ರಿ ಅಣ್ಣಾ. ಬ್ಯಾಂಕ್ ಅಕೌಂಟ್ ನಂಬರ್ ಹಾಕೋದೂ ಅಲ್ಲೇ.

---

ಬೆಣ್ಣೆದೋಸೆ_ಹುಡುಗ

ಹೌದಲ್ವಾ! ಅದು ತಲೆಗೇ ಹೊಳೆದಿರ್ಲಿಲ್ಲ. ಬೆಳಿಗ್ಗೆ ಮೊದ್ಲು 15555ಕ್ಕೆ ಮಾಡಿ ನಂಬರ್ ಬದಲಾಯಿಸೋಕೆ ಹೇಳ್ತೀನಿ. ಶನಿವಾರ ಊರಿಗೆ ಹೋಗ್ತಿದೀನಿ, ಅರ್ತ್ ಪಿಟ್ ಅಗೆಸಿ ನೋಡಿ ಫೋಟೋ ಹಾಕ್ತೀನಿ.